ಕಡತಗಳ ಮರದಲ್ಲಿ ಹುಡುಕಾಟ

ಬರವಣಿಗೆಯ ಕಲೆ ಕೈವಶವಾದಂದಿನಿಂದ ಮಾನವನು ತನ್ನ ಅನುಭವವನ್ನೂ ವ್ಯವಹಾರವನ್ನೂ ದಾಖಲೆ ಮಾಡಿಡುತ್ತ ಬಂದಿದ್ದಾನೆ. ಕಲ್ಲು, ತಾಮ್ರಪಟ, ಓಲೆಗರಿ, ಕಾಗದ ಇವೆಲ್ಲವೂ ಆ ಕಾರ್ಯಕ್ಕೆ ಒದಗಿದ ಸಾಧನಗಳು. ಇಂದು ಅವುಗಳ ಸಾಲಿಗೆ ಗಣಕಯಂತ್ರವೂ ಸೇರಿದೆ. ಆದರೆ ದಾಖಲೆಯನ್ನು ಬರೆದು ಇಡುವುದು ಕೆಲಸದ ಅರ್ಧಭಾಗ ಮಾತ್ರ. ಬೇಕೆಂದಾಗ ಅದು ಕೈಗೆ ದೊರೆಯುವುದು ಉಳಿದ ಅರ್ಧ. ದೊರೆಯದ ದಾಖಲೆ ಇದ್ದೂ ಇಲ್ಲದಂತೆಯೇ. ಆದಕಾರಣ ಹುಡುಕುವ ವಿದ್ಯೆಯು ಬರೆಯುವ ವಿದ್ಯೆಯಷ್ಟೇ ಮಹತ್ತ್ವದ್ದು.

ಗಣಕಯಂತ್ರದಲ್ಲಿ ಒಂದು ಹೆಸರಿನಡಿ ಸಂಗ್ರಹವಾಗಿರುವ ಮಾಹಿತಿಯನ್ನು ಕನ್ನಡದಲ್ಲಿ 'ಕಡತ' ಎಂದು ಕರೆಯುತ್ತಾರೆ. ಈ ಪದಕ್ಕೆ ದೀರ್ಘವಾದ ಚರಿತ್ರೆಯಿದೆ. ಹಿಂದಿನ ಕಾಲದಲ್ಲಿ ಹತ್ತಿಯ ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿಡುತ್ತಿದ್ದರು. ಆ ಕಪ್ಪು ಬಟ್ಟೆಯ ಮೇಲೆ ಬಳಪದಿಂದ ಬಿಳಿಯ ಅಕ್ಷರಗಳನ್ನು ಬರೆಯುತ್ತಿದ್ದರು. ಅದೇ ಕಡತ. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಅಮೂಲ್ಯವಾದ ಆಕರಗಳಾಗಿವೆ. ಲೆಕ್ಕಪತ್ರಗಳನ್ನು ನೋಡಿಕೊಳ್ಳುತ್ತಿದ್ದವರ ಮನೆಗಳಲ್ಲಿ ಕಡತಗಳು ಗಂಟುಗಂಟಾಗಿ ಇರುತ್ತಿದ್ದವು. ಯಾವ ಗಂಟಿನಲ್ಲಿ ಯಾವ ವರ್ಷದ ಲೆಕ್ಕವಿದೆ ಎಂಬುದು ಆ ಮನೆಯ ಹಿರಿಯರಿಗೆ ಗೊತ್ತಿದ್ದರೆ ಕೆಲಸ ಸುಲಭ. ಗೊತ್ತಿಲ್ಲದಿದ್ದರೆ ಗಂಟುಗಳನ್ನು ಒಂದೊಂದಾಗಿ ಬಿಚ್ಚಿ ನೋಡಬೇಕಾಗಿತ್ತು. ಹುಡುಕಾಟದ ಈ ಎರಡು ಬಗೆಗಳು ಇಂದಿಗೂ ಉಳಿದಿವೆ: ವಿಳಾಸ ತಿಳಿದು ನೇರವಾಗಿ ಹೋಗುವುದು ಒಂದು, ವಿಳಾಸ ತಿಳಿಯದೆ ಎಲ್ಲವನ್ನೂ ನೋಡುವುದು ಇನ್ನೊಂದು.

ಮೊದಲನೆಯ ಬಗೆಗೆ ಕರ್ನಾಟಕದ ಭೂದಾಖಲೆಗಳು ಉತ್ತಮ ನಿದರ್ಶನ. ಹಾಸನ ನಗರದ ಸಮೀಪದಲ್ಲಿ ಬೂವನಹಳ್ಳಿ ಎಂಬ ಗ್ರಾಮವಿದೆ. ಹಾಸನದ ವಿಮಾನನಿಲ್ದಾಣಕ್ಕೆ 2007ರಲ್ಲಿ ಶಂಕುಸ್ಥಾಪನೆಯಾದುದು ಈ ಗ್ರಾಮದ ಬಳಿಯಲ್ಲಿಯೇ. ಇಂಥ ಯೋಜನೆಗಳಿಗೆ ಭೂಮಿ ಬೇಕಾದಾಗ, ಯಾವ ಸರ್ವೆ ನಂಬರಿನಲ್ಲಿ ಎಷ್ಟು ಗುಂಟೆ ಯಾರಿಗೆ ಸೇರಿದ್ದು ಎಂಬುದೇ ಮೊದಲ ಪ್ರಶ್ನೆ. ಅದಕ್ಕೆ ಉತ್ತರ ಪಹಣಿಯಲ್ಲಿ ಇರುತ್ತದೆ. ಪಹಣಿಯನ್ನು ಪಡೆಯುವ ಕ್ರಮ ಹೀಗಿದೆ: ಮೊದಲು ಜಿಲ್ಲೆ, ಜಿಲ್ಲೆಯೊಳಗೆ ತಾಲ್ಲೂಕು, ತಾಲ್ಲೂಕಿನೊಳಗೆ ಹೋಬಳಿ, ಹೋಬಳಿಯೊಳಗೆ ಗ್ರಾಮ, ಗ್ರಾಮದೊಳಗೆ ಸರ್ವೆ ನಂಬರು, ಅದರೊಳಗೆ ಹಿಸ್ಸಾ. ಹೊಸಹಳ್ಳಿ ಎಂಬ ಹೆಸರಿನ ಊರುಗಳು ನಾಡಿನಲ್ಲಿ ಎಷ್ಟೋ ಇವೆ. ಆದರೆ ಜಿಲ್ಲೆಯಿಂದ ಹಿಡಿದು ಹಿಸ್ಸಾದವರೆಗಿನ ಪೂರ್ಣ ವಿಳಾಸವನ್ನು ಹೇಳಿದರೆ ಗೊಂದಲಕ್ಕೆ ಎಡೆಯಿಲ್ಲ.

ಒಂದು ಕಾಲದಲ್ಲಿ ಈ ಪಹಣಿಗಳೆಲ್ಲ ಕೈಬರಹದಲ್ಲಿದ್ದು ಗ್ರಾಮಲೆಕ್ಕಿಗರ ವಶದಲ್ಲಿದ್ದುವು. ಕರ್ನಾಟಕ ಸರ್ಕಾರದ 'ಭೂಮಿ' ಯೋಜನೆಯಲ್ಲಿ ಅವುಗಳನ್ನು ಗಣಕಯಂತ್ರಕ್ಕೆ ಅಳವಡಿಸಲಾಯಿತು. 2002ರ ವೇಳೆಗೆ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಹೀಗೆ ಅಡಕವಾದುವು. ಎರಡು ಕೋಟಿ ಪತ್ರಗಳಲ್ಲಿ ಒಂದನ್ನು ಕೆಲವೇ ಕ್ಷಣಗಳಲ್ಲಿ ತೆಗೆಯುವುದು ಸಾಧ್ಯವಾದುದಕ್ಕೆ ಯಂತ್ರದ ವೇಗದೊಡನೆ ವಿಳಾಸದ ಕ್ರಮವೂ ಕಾರಣ. ಹಾಸನ ಜಿಲ್ಲೆಯನ್ನು ಆರಿಸಿದೊಡನೆ ಉಳಿದ ಜಿಲ್ಲೆಗಳೆಲ್ಲ ಬದಿಗೆ ಸರಿಯುತ್ತವೆ. ಜಿಲ್ಲೆಯ 8 ತಾಲ್ಲೂಕುಗಳಲ್ಲಿ ಒಂದನ್ನು ಆರಿಸಿದೊಡನೆ ಉಳಿದ 7 ಬದಿಗೆ ಸರಿಯುತ್ತವೆ. ಪ್ರತಿಯೊಂದು ಹೆಜ್ಜೆಯಲ್ಲಿಯೂ ಹುಡುಕುವ ಕ್ಷೇತ್ರವು ಕಿರಿದಾಗುತ್ತ ಹೋಗುತ್ತದೆ.

ಈ ವ್ಯವಸ್ಥೆಯ ಚಿತ್ರವನ್ನು ಬರೆದರೆ ಅದು ಮರದ ಆಕಾರವನ್ನು ತಾಳುತ್ತದೆ. ರಾಜ್ಯವು ಕಾಂಡ, ಜಿಲ್ಲೆಗಳು ಹೆಗ್ಗೊಂಬೆಗಳು, ತಾಲ್ಲೂಕು, ಹೋಬಳಿ, ಗ್ರಾಮಗಳು ಕ್ರಮವಾಗಿ ಚಿಕ್ಕದಾಗುವ ಕೊಂಬೆರೆಂಬೆಗಳು, ಪಹಣಿಗಳು ಎಲೆಗಳು. ಒಂದು ಎಲೆಯನ್ನು ಮುಟ್ಟಲು ಕಾಂಡದಿಂದ ಒಂದೇ ಒಂದು ದಾರಿಯಿರುತ್ತದೆ. ಗಣಕಯಂತ್ರದ ಕಡತಗಳನ್ನೂ ಇದೇ ರೀತಿಯಲ್ಲಿ ಜೋಡಿಸಿರುತ್ತಾರೆ. ಕಡತಗಳನ್ನು ಒಟ್ಟಾಗಿ ಇಡುವ ಪೆಟ್ಟಿಗೆಗೆ ಕಡತಕೋಶ, ಅಥವಾ ಸಂಕ್ಷೇಪವಾಗಿ ಕೋಶ ಎಂದು ಹೆಸರು. ರೂಢಿಯಲ್ಲಿ ಇದನ್ನು ಫೋಲ್ಡರ್ ಎನ್ನುತ್ತಾರೆ. ಕೋಶದೊಳಗೆ ಕಡತಗಳೂ ಇರಬಹುದು, ಬೇರೆ ಕೋಶಗಳೂ ಇರಬಹುದು. ಒಳಗಿನ ಕೋಶವನ್ನು ಉಪಕೋಶ ಎನ್ನಬಹುದು. ಅಮೆರಿಕದಲ್ಲಿ ಮಲ್ಟಿಕ್ಸ್ ಎಂಬ ವ್ಯವಸ್ಥೆಯನ್ನು ರೂಪಿಸುತ್ತಿದ್ದ ಆರ್. ಸಿ. ಡೇಲಿ ಮತ್ತು ಪಿ. ಜಿ. ನಾಯ್ಮನ್ ಅವರು 1965ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇಂಥ ಮರದಾಕಾರದ ಜೋಡಣೆಯನ್ನು ವಿವರಿಸಿದರು. ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು 1969ರಿಂದ ಬೆಳೆಸಿದ ಯೂನಿಕ್ಸ್ ವ್ಯವಸ್ಥೆಯ ಮೂಲಕ ಅದು ಬಹಳವಾಗಿ ಪ್ರಚಾರಕ್ಕೆ ಬಂದಿತು.

ಭೂದಾಖಲೆಯ ಮರಕ್ಕೂ ಕಡತಗಳ ಮರಕ್ಕೂ ಒಂದು ಮುಖ್ಯವಾದ ವ್ಯತ್ಯಾಸವಿದೆ. ಜಿಲ್ಲೆಯ ಕೆಳಗೆ ತಾಲ್ಲೂಕು, ತಾಲ್ಲೂಕಿನ ಕೆಳಗೆ ಹೋಬಳಿ ಎಂಬ ಮೆಟ್ಟಿಲುಗಳು ನಿಗದಿಯಾದವು; ಅವುಗಳ ಸಂಖ್ಯೆ ಮೊದಲೇ ತಿಳಿದಿರುತ್ತದೆ. ಕಡತಗಳ ಮರದಲ್ಲಿ ಹಾಗಲ್ಲ. ಒಂದು ಕೋಶದ ಕೆಳಗೆ ಎರಡೇ ಮೆಟ್ಟಿಲುಗಳಿರಬಹುದು; ಪಕ್ಕದ ಕೋಶದ ಕೆಳಗೆ ಇಪ್ಪತ್ತು ಮೆಟ್ಟಿಲುಗಳಿರಬಹುದು. ಅದು ನಾಳೆ ಇನ್ನಷ್ಟು ಬೆಳೆಯಲೂಬಹುದು. ಹೀಗೆ ಆಳವೂ ಹರವೂ ತಿಳಿಯದ ಮರದಲ್ಲಿ, ವಿಳಾಸವೂ ಗೊತ್ತಿಲ್ಲದ ಒಂದು ಎಲೆಯನ್ನು ಯಾವುದನ್ನೂ ಬಿಡದೆ ಹುಡುಕುವುದು ಹೇಗೆ? ಹುಡುಕಾಟದ ಎರಡನೆಯ ಬಗೆಯಲ್ಲಿ ಎದುರಾಗುವ ಪ್ರಶ್ನೆ ಇದೇ.

ಒಂದು ಕಲ್ಪಿತ ಉದಾಹರಣೆಯನ್ನು ಪರಿಶೀಲಿಸಬಹುದು. ಹಳ್ಳಿಯೊಂದರ ಶಾಲೆಯಲ್ಲಿ ಗಣಕಯಂತ್ರವಿದೆ. ಅದರಲ್ಲಿ 'ಶಾಲೆ' ಎಂಬ ಮೂಲಕೋಶವಿದೆ. ಅದರೊಳಗೆ 'ವೇಳಾಪಟ್ಟಿ' ಎಂಬ ಒಂದು ಕಡತವೂ 'ದಾಖಲಾತಿ', 'ಪರೀಕ್ಷೆ', 'ಉತ್ಸವ' ಎಂಬ ಮೂರು ಕೋಶಗಳೂ ಇವೆ. 'ದಾಖಲಾತಿ'ಯೊಳಗೆ '2008', '2009' ಎಂಬ ಎರಡು ಉಪಕೋಶಗಳಿವೆ. 'ಪರೀಕ್ಷೆ'ಯಲ್ಲಿ ಕಡತಗಳು ಮಾತ್ರ ಇವೆ. 'ಉತ್ಸವ'ದೊಳಗೆ 'ಚಿತ್ರಗಳು', ಅದರೊಳಗೆ 'ಹಳೆಯವು' ಎಂಬ ಕೋಶಗಳಿವೆ. 2009ರಲ್ಲಿ ಶಾಲೆಯನ್ನು ಬಿಟ್ಟುಹೋದ ವಿದ್ಯಾರ್ಥಿನಿಯೊಬ್ಬಳಿಗೆ ಈಗ ಉದ್ಯೋಗಕ್ಕಾಗಿ ತನ್ನ ವರ್ಗಾವಣೆ ಪತ್ರದ ಪ್ರತಿ ಬೇಕಾಗಿದೆ. ಅದು 'ದಾಖಲಾತಿ'ಯ '2009'ರಲ್ಲಿ ಇರಬೇಕಾಗಿತ್ತು, ಅಲ್ಲಿ ಇಲ್ಲ. ಯಾರೋ ಅವಸರದಲ್ಲಿ ಬೇರೆಡೆ ಇಟ್ಟಿದ್ದಾರೆ. ಈಗ ಇಡೀ ಮರವನ್ನೇ ಹುಡುಕಬೇಕಾಗಿದೆ.

ಇದಕ್ಕೆ ಎರಡೇ ವಾಕ್ಯಗಳ ನಿಯಮ ಸಾಕು. 'ಈ ಕೋಶದಲ್ಲಿರುವ ಕಡತಗಳನ್ನು ಒಂದೊಂದಾಗಿ ನೋಡು' ಎಂಬುದು ಮೊದಲನೆಯದು. 'ಈ ಕೋಶದೊಳಗಿನ ಪ್ರತಿಯೊಂದು ಉಪಕೋಶಕ್ಕೂ ಇದೇ ನಿಯಮವನ್ನು ಅನ್ವಯಿಸು. ಮುಗಿದೊಡನೆ ಹಿಂದಿರುಗು' ಎಂಬುದು ಎರಡನೆಯದು. ನಿಯಮದ ಒಳಗೆ ಅದೇ ನಿಯಮವು ಮತ್ತೆ ಬಂದಿರುವುದನ್ನು ಗಮನಿಸಬೇಕು. ಹೀಗೆ ಒಂದು ವಿಧಾನವು ತನ್ನ ಕಾರ್ಯವನ್ನು ಪೂರೈಸಲು ತನ್ನನ್ನೇ ಮತ್ತೆ ಕರೆಯುವುದಕ್ಕೆ ಗಣಕವಿಜ್ಞಾನದಲ್ಲಿ 'ರಿಕರ್ಷನ್' ಎಂದು ಹೆಸರು. ಕನ್ನಡದಲ್ಲಿ ಇದನ್ನು ಸ್ವಾವರ್ತನೆ ಎನ್ನಬಹುದು.

ಈ ನಿಯಮದಂತೆ ಹುಡುಕಾಟವು ಸಾಗುವ ಬಗೆಯನ್ನು ನೋಡೋಣ. ಮೊದಲು 'ಶಾಲೆ'ಯನ್ನು ಪ್ರವೇಶಿಸಿ 'ವೇಳಾಪಟ್ಟಿ'ಯನ್ನು ನೋಡಲಾಗುತ್ತದೆ. ಅದು ಬೇಕಾದ ಕಡತವಲ್ಲ. ಬಳಿಕ 'ದಾಖಲಾತಿ'ಯನ್ನು ಪ್ರವೇಶಿಸಲಾಗುತ್ತದೆ. ಅದರೊಳಗಿನ '2008'ಕ್ಕೆ ಹೋಗಿ, ಕಡತಗಳನ್ನು ನೋಡಿ, ಮತ್ತೆ ಉಪಕೋಶಗಳಿಲ್ಲವಾದ್ದರಿಂದ ಹಿಂದಿರುಗಲಾಗುತ್ತದೆ. '2009'ರಲ್ಲಿಯೂ ಹೀಗೆಯೇ. ಈಗ 'ದಾಖಲಾತಿ' ಮುಗಿಯಿತು. 'ಶಾಲೆ'ಗೆ ಮರಳಿ 'ಪರೀಕ್ಷೆ'ಯನ್ನು ನೋಡಲಾಗುತ್ತದೆ. ಅಲ್ಲಿಂದ ಮರಳಿ 'ಉತ್ಸವ', ಅದರೊಳಗೆ 'ಚಿತ್ರಗಳು', ಅದರೊಳಗೆ 'ಹಳೆಯವು'. ಬೇಕಾದ ವರ್ಗಾವಣೆ ಪತ್ರವು ಅಲ್ಲಿ ದೊರೆಯುತ್ತದೆ. ಒಟ್ಟು 8 ಕೋಶಗಳಿದ್ದುವು. ಎಂಟನ್ನೂ ಒಂದೊಂದು ಸಲ ಮಾತ್ರ ಪ್ರವೇಶಿಸಲಾಯಿತು. ಯಾವುದೂ ಬಿಟ್ಟುಹೋಗಲಿಲ್ಲ, ಯಾವುದನ್ನೂ ಎರಡು ಸಲ ನೋಡಲಿಲ್ಲ. ಮರವು ಎಷ್ಟು ಆಳವಾಗಿದೆ ಎಂಬುದನ್ನು ಮೊದಲೇ ತಿಳಿದುಕೊಳ್ಳುವ ಅಗತ್ಯವೂ ಬೀಳಲಿಲ್ಲ.

ಈ ವಿಧಾನದ ಜೀವಾಳವೆಂದರೆ ಹಿಂದಿರುಗುವಿಕೆ. ಹಾಸನ ಜಿಲ್ಲೆಯ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯಲ್ಲಿ ಚಕ್ರವ್ಯೂಹದ ಒಂದು ಶಿಲ್ಪವಿದೆ. ಸುತ್ತುಸುತ್ತಾಗಿ ಒಳಸರಿಯುವ ದಾರಿಗಳ ರೂಪದಲ್ಲಿ ಶಿಲ್ಪಿಯು ವ್ಯೂಹವನ್ನು ಕಂಡರಿಸಿದ್ದಾನೆ. ಅಭಿಮನ್ಯುವಿಗೆ ಒಳನುಗ್ಗುವ ವಿದ್ಯೆ ತಿಳಿದಿತ್ತು, ಹೊರಬರುವ ವಿದ್ಯೆ ತಿಳಿದಿರಲಿಲ್ಲ ಎಂಬುದು ಮಹಾಭಾರತದ ಪ್ರಸಿದ್ಧ ಕಥೆ. ಸ್ವಾವರ್ತನೆಯಲ್ಲಿಯೂ ಎರಡು ವಿದ್ಯೆಗಳು ಬೇಕು: ಒಳಹೋಗುವುದು, ಹೊರಬರುವುದು. ಉಪಕೋಶಗಳಿಲ್ಲದ ಕೋಶವು ಎದುರಾದಾಗ ಮುಂದೆ ಹೋಗುವ ಕೆಲಸ ನಿಲ್ಲಬೇಕು. ಬಂದ ದಾರಿಯಲ್ಲಿ ಒಂದು ಮೆಟ್ಟಿಲು ಹಿಂದಕ್ಕೆ ಬಂದು ಅಲ್ಲಿ ಉಳಿದ ಕೆಲಸವನ್ನು ಮುಂದುವರಿಸಬೇಕು. ಗಣಕಯಂತ್ರವು ಈ ದಾರಿಯನ್ನು ತನ್ನ ಸ್ಮೃತಿಯಲ್ಲಿ ತಟ್ಟೆಗಳ ಅಟ್ಟಿಯಂತೆ ಒಂದರ ಮೇಲೊಂದಾಗಿ ಇಟ್ಟುಕೊಳ್ಳುತ್ತದೆ. ಕೊನೆಯಲ್ಲಿ ಇಟ್ಟುದನ್ನು ಮೊದಲು ತೆಗೆಯುತ್ತದೆ.

ಇದರ ಲಾಭವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಕೊನೆಯ ಮೆಟ್ಟಿಲಿನವುಗಳನ್ನು ಬಿಟ್ಟು ಪ್ರತಿಯೊಂದು ಕೋಶದಲ್ಲಿಯೂ 10 ಉಪಕೋಶಗಳಿದ್ದು, ಮರವು 5 ಮೆಟ್ಟಿಲುಗಳಷ್ಟು ಆಳವಾಗಿದೆ ಎಂದು ಭಾವಿಸೋಣ. ಮೊದಲ ಮೆಟ್ಟಿಲಿನಲ್ಲಿ 1, ಬಳಿಕ 10, 100, 1,000, 10,000 ಹೀಗೆ ಒಟ್ಟು 11,111 ಕೋಶಗಳಾಗುತ್ತವೆ. ಇವೆಲ್ಲವನ್ನೂ ನೋಡಬೇಕಾದರೂ ಯಾವುದೇ ಕ್ಷಣದಲ್ಲಿ ಅರ್ಧದಲ್ಲಿ ನಿಂತಿರುವ ಕೋಶಗಳು 5ಕ್ಕಿಂತ ಹೆಚ್ಚಿರುವುದಿಲ್ಲ. ದೊಡ್ಡ ಕಾರ್ಯವನ್ನು ಅದೇ ಬಗೆಯ ಚಿಕ್ಕ ಕಾರ್ಯಗಳಾಗಿ ಒಡೆದರೆ ಅದು ಎಷ್ಟು ಹಗುರವಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಇಂಥ ಹುಡುಕಾಟವು ಎಲ್ಲೆಲ್ಲಿಯೂ ಬೇಕಾಗುವುದರಿಂದ, ಪ್ರತಿಯೊಬ್ಬ ಕ್ರಮವಿಧಿಕಾರನೂ ಅದನ್ನು ಹೊಸದಾಗಿ ಬರೆಯುವುದು ವ್ಯರ್ಥಶ್ರಮ. ಒಮ್ಮೆ ಚೆನ್ನಾಗಿ ಬರೆದು, ಪರೀಕ್ಷಿಸಿ, ಎಲ್ಲರ ಉಪಯೋಗಕ್ಕಾಗಿ ಇಟ್ಟಿರುವ ಕ್ರಮವಿಧಿಗಳ ಸಂಗ್ರಹಕ್ಕೆ 'ಲೈಬ್ರರಿ' ಎಂದು ಹೆಸರು. ಪುಸ್ತಕಗಳ ಲೈಬ್ರರಿಯಿಂದ ಬೇಕಾದ ಗ್ರಂಥವನ್ನು ತರುವಂತೆ, ಈ ಲೈಬ್ರರಿಯಿಂದ ಸಿದ್ಧವಾದ ಉಪಕರಣವನ್ನು ತಂದು ತನ್ನ ಕ್ರಮವಿಧಿಯಲ್ಲಿ ಸೇರಿಸಿಕೊಳ್ಳಬಹುದು. 1970ರ ದಶಕದ ಮಧ್ಯದಲ್ಲಿ ಬೆಲ್ ಪ್ರಯೋಗಾಲಯದ ಡಿಕ್ ಹೈಟ್ ಎಂಬವರು ಯೂನಿಕ್ಸ್ ವ್ಯವಸ್ಥೆಗೆ 'ಫೈಂಡ್' ಎಂಬ ಆಜ್ಞೆಯನ್ನು ರಚಿಸಿಕೊಟ್ಟರು. ಹುಡುಕು ಎಂಬುದೇ ಆ ಪದದ ಅರ್ಥ. ಅದು ಇಂದಿಗೂ ಬಳಕೆಯಲ್ಲಿದೆ. ಗೈಡೋ ವಾನ್ ರಾಸಮ್ ಅವರು 1991ರಲ್ಲಿ ಹೊರತಂದ ಪೈಥಾನ್ ಎಂಬ ಗಣಕಭಾಷೆಯ ಲೈಬ್ರರಿಗೆ 2003ರಲ್ಲಿ 'ವಾಕ್' ಎಂಬ ಉಪಕರಣವು ಸೇರಿತು. ವಾಕ್ ಎಂದರೆ ನಡೆ. ಮರದ ಕೊಂಬೆಗಳ ಮೇಲೆ ನಡೆದಾಡಿ ಬರುವುದರಿಂದ ಆ ಹೆಸರು ಅನ್ವರ್ಥವಾಗಿದೆ.

'ವಾಕ್' ಉಪಕರಣವು ಪ್ರತಿಯೊಂದು ಕೋಶವನ್ನು ತಲುಪಿದಾಗಲೂ ಮೂರು ಸಂಗತಿಗಳನ್ನು ತಿಳಿಸುತ್ತದೆ: ಆ ಕೋಶದ ವಿಳಾಸ, ಅದರೊಳಗಿನ ಉಪಕೋಶಗಳ ಪಟ್ಟಿ, ಅದರೊಳಗಿನ ಕಡತಗಳ ಪಟ್ಟಿ. ಉಪಕೋಶಗಳ ಪಟ್ಟಿಯಿಂದ ಒಂದು ಹೆಸರನ್ನು ಕ್ರಮವಿಧಿಕಾರನು ತೆಗೆದುಹಾಕಿದರೆ, ನಡಿಗೆಯು ಆ ಕೊಂಬೆಯತ್ತ ಹೋಗುವುದಿಲ್ಲ. ಮೇಲಿನ ಉದಾಹರಣೆಯಲ್ಲಿ 'ಪರೀಕ್ಷೆ'ಯನ್ನು ನೋಡಬೇಕಾಗಿಲ್ಲ ಎಂದು ಖಚಿತವಾಗಿದ್ದರೆ ಅದನ್ನು ಹೀಗೆ ಕೈಬಿಡಬಹುದು. ತೋಟಗಾರನು ಬೇಡದ ಕೊಂಬೆಯನ್ನು ಸವರುವಂತೆ ಇದು. ಕಡತದ ಹೆಸರು ಪೂರ್ತಿಯಾಗಿ ತಿಳಿಯದಿದ್ದರೆ ಅದಕ್ಕೂ ಉಪಾಯವುಂಟು. ತಿಳಿಯದ ಭಾಗದಲ್ಲಿ ನಕ್ಷತ್ರದ ಚಿಹ್ನೆಯನ್ನು ಇಟ್ಟು, 'ಹಳ್ಳಿ' ಎಂದು ಕೊನೆಗೊಳ್ಳುವ ಎಲ್ಲ ಹೆಸರುಗಳನ್ನು ಹುಡುಕು ಎಂದು ಹೇಳಬಹುದು. ಆಗ ಬೂವನಹಳ್ಳಿಯೂ ಹೊಸಹಳ್ಳಿಯೂ ಬಲೆಗೆ ಬೀಳುತ್ತವೆ.

ಉಪಕರಣವನ್ನು ಒಮ್ಮೆ ಸುಧಾರಿಸಿದರೆ ಅದನ್ನು ಬಳಸುವವರೆಲ್ಲರಿಗೂ ಪ್ರಯೋಜನವಾಗುತ್ತದೆ. ಮೊದಲಿನ 'ವಾಕ್' ಒಂದು ಕೋಶದ ಹೆಸರುಗಳ ಪಟ್ಟಿಯನ್ನು ತಂದ ಮೇಲೆ, ಪ್ರತಿಯೊಂದು ಹೆಸರಿಗೂ 'ಇದು ಕಡತವೋ ಕೋಶವೋ' ಎಂದು ಯಂತ್ರವನ್ನು ಮತ್ತೆ ಕೇಳುತ್ತಿತ್ತು. ಪಟ್ಟಿಯನ್ನು ತರುವಾಗಲೇ ಈ ಮಾಹಿತಿಯೂ ದೊರೆಯುತ್ತಿದ್ದುದರಿಂದ ಎರಡನೆಯ ಪ್ರಶ್ನೆ ಅನಾವಶ್ಯಕವಾಗಿತ್ತು. 2015ರಲ್ಲಿ ಈ ದೋಷವನ್ನು ನಿವಾರಿಸಲಾಯಿತು. ಅದರಿಂದ ನಡಿಗೆಯ ವೇಗವು ವಿಂಡೋಸ್ ವ್ಯವಸ್ಥೆಯಲ್ಲಿ 8ರಿಂದ 9 ಪಟ್ಟು, ಯೂನಿಕ್ಸ್ ವರ್ಗದ ವ್ಯವಸ್ಥೆಗಳಲ್ಲಿ 2ರಿಂದ 3 ಪಟ್ಟು ಹೆಚ್ಚಿತೆಂದು ಅದನ್ನು ರೂಪಿಸಿದವರು ಅಳೆದು ತೋರಿಸಿದರು. ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳದಿರುವುದು ಎಷ್ಟು ದೊಡ್ಡ ಮಿತವ್ಯಯ ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ಈ ನಡಿಗೆಯಲ್ಲಿ ಕೆಲವು ಅಪಾಯಗಳೂ ಇವೆ. ಮೊದಲನೆಯದು ಸುತ್ತಿನ ಅಪಾಯ. ಗಣಕಯಂತ್ರದಲ್ಲಿ ಒಂದು ಕೋಶದೊಳಗೆ ಬೇರೊಂದು ಕೋಶವನ್ನು ತೋರಿಸುವ ಕೈಮರದಂಥ ಕೊಂಡಿಯನ್ನು ಇಡಬಹುದು. 'ಹಳೆಯವು' ಎಂಬ ಕೋಶದೊಳಗಿನ ಕೊಂಡಿಯು 'ಶಾಲೆ'ಯನ್ನೇ ತೋರಿಸುತ್ತಿದ್ದರೆ, ನಡೆಯುವವನು ಕೆಳಗೆ ಇಳಿದಿಳಿದು ಮತ್ತೆ ಮೊದಲಿಗೇ ಬರುತ್ತಾನೆ. ಅಲ್ಲಿಂದ ಮತ್ತೆ ಇಳಿಯುತ್ತಾನೆ. ಗಾಣದ ಎತ್ತಿನಂತೆ ಎಷ್ಟು ನಡೆದರೂ ದಾರಿ ಸಾಗದು. ಆದಕಾರಣ 'ಫೈಂಡ್' ಆಜ್ಞೆಯಾಗಲಿ 'ವಾಕ್' ಉಪಕರಣವಾಗಲಿ, ಹಾಗೆ ಮಾಡೆಂದು ಹೇಳಿದ ಹೊರತು, ಕೊಂಡಿಗಳನ್ನು ಹಿಂಬಾಲಿಸುವುದಿಲ್ಲ. ಹಿಂಬಾಲಿಸಲೇಬೇಕಾದಲ್ಲಿ ನೋಡಿದ ಕೋಶಗಳ ಪಟ್ಟಿಯೊಂದನ್ನು ಇಟ್ಟುಕೊಂಡು, ಪಟ್ಟಿಯಲ್ಲಿರುವ ಕೋಶವು ಮತ್ತೆ ಎದುರಾದರೆ ಅದನ್ನು ಬಿಟ್ಟು ಮುಂದುವರಿಯಬೇಕು.

ಎರಡನೆಯ ಅಪಾಯ ಇದಕ್ಕಿಂತ ಸೂಕ್ಷ್ಮವಾದುದು. ಕೆಲವು ಕೋಶಗಳನ್ನು ತೆರೆಯಲು ಎಲ್ಲರಿಗೂ ಅನುಮತಿಯಿರುವುದಿಲ್ಲ. ಹಾಗೆ ಬೀಗ ಹಾಕಿದ ಕೋಣೆ ಎದುರಾದಾಗ 'ಫೈಂಡ್' ಆಜ್ಞೆಯು 'ಅನುಮತಿ ದೊರೆಯಲಿಲ್ಲ' ಎಂಬ ಸಂದೇಶವನ್ನು ಕೊಟ್ಟು ಮುಂದೆ ಹೋಗುತ್ತದೆ. ಪೈಥಾನಿನ 'ವಾಕ್' ಉಪಕರಣವಾದರೋ, ಬೇರೆ ಸೂಚನೆ ಇಲ್ಲದಿದ್ದರೆ, ಏನನ್ನೂ ಹೇಳದೆ ಆ ಕೋಶವನ್ನು ದಾಟಿಹೋಗುತ್ತದೆ. ಹುಡುಕಾಟ ಮುಗಿಯುತ್ತದೆ; ಕಡತ ದೊರೆಯುವುದಿಲ್ಲ; 'ಇಲ್ಲ' ಎಂಬ ತೀರ್ಮಾನಕ್ಕೆ ಬರಲಾಗುತ್ತದೆ. ಆದರೆ ಕಡತವು ಆ ಬೀಗದ ಹಿಂದೆ ಇದ್ದಿರಬಹುದು. 'ಇಲ್ಲ' ಎಂಬುದು ಬೇರೆ. 'ನೋಡಲಾಗಲಿಲ್ಲ' ಎಂಬುದು ಬೇರೆ. ಈ ಎರಡನ್ನು ಒಂದೇ ಎಂದು ಎಣಿಸಿದರೆ ಉದ್ಯೋಗಕ್ಕಾಗಿ ಪತ್ರವನ್ನು ಕೇಳಿಬಂದವಳು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. ತೆರೆಯಲಾಗದ ಕೋಶಗಳ ಹೆಸರನ್ನು ವರದಿ ಮಾಡೆಂದು 'ವಾಕ್' ಉಪಕರಣಕ್ಕೆ ಸೂಚನೆ ಕೊಡುವ ವ್ಯವಸ್ಥೆಯಿದೆ. ಬಲ್ಲ ಕ್ರಮವಿಧಿಕಾರನು ಅದನ್ನು ಮರೆಯುವುದಿಲ್ಲ.

ಮೂರನೆಯ ತೊಡಕು ಕನ್ನಡದ ಹೆಸರುಗಳಿಗೆ ವಿಶೇಷವಾಗಿ ಸಂಬಂಧಿಸಿದುದು. ಲೋಕದ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಕೇತಸಂಖ್ಯೆಯನ್ನು ಕೊಡುವ ಯೂನಿಕೋಡ್ ಪದ್ಧತಿಯು 1991ರಲ್ಲಿ ಪ್ರಕಟವಾಯಿತು. ಅದರಲ್ಲಿ ಕನ್ನಡಕ್ಕೂ ಸ್ಥಾನವಿದೆ. ಆದರೆ ಕನ್ನಡದ ಕೆಲವು ಗುಣಿತಾಕ್ಷರಗಳನ್ನು ಎರಡು ರೀತಿಯಲ್ಲಿ ದಾಖಲಿಸಬಹುದು. 'ಹೊಳೆನರಸೀಪುರ' ಎಂಬ ಹೆಸರಿನ ಮೊದಲ ಅಕ್ಷರವಾದ 'ಹೊ' ಎಂಬುದನ್ನು ಹಕಾರಕ್ಕೆ ಒಕಾರದ ಒಂದೇ ಚಿಹ್ನೆಯನ್ನು ಸೇರಿಸಿ ಬರೆಯಬಹುದು. ಎಕಾರದ ಚಿಹ್ನೆಯನ್ನೂ ಊಕಾರದ ಚಿಹ್ನೆಯನ್ನೂ ಜೊತೆಗೂಡಿಸಿಯೂ ಬರೆಯಬಹುದು. 'ಸೀ' ಎಂಬುದನ್ನು ಈಕಾರದ ಒಂದೇ ಚಿಹ್ನೆಯಿಂದ ಬರೆಯಬಹುದು. ಗುಡಿಸು ಮತ್ತು ದೀರ್ಘದ ಚಿಹ್ನೆಗಳನ್ನು ಬೇರೆಬೇರೆಯಾಗಿ ಕೊಟ್ಟೂ ಬರೆಯಬಹುದು. ಹೀಗೆ ಒಂದೇ ಊರಿನ ಹೆಸರು ಯಂತ್ರದೊಳಗೆ ನಾಲ್ಕು ರೂಪಗಳಲ್ಲಿ ಇರಬಲ್ಲದು. ಕಣ್ಣಿಗೆ ನಾಲ್ಕೂ ಒಂದೇ. ಸಂಖ್ಯೆಗಳನ್ನು ಹೋಲಿಸುವ ಯಂತ್ರಕ್ಕೆ ನಾಲ್ಕೂ ಬೇರೆ. ಇವು ಸಮಾನವೆಂದು ಯೂನಿಕೋಡ್ ನಿಯಮವೇ ಹೇಳುತ್ತದೆಯಾದರೂ 'ವಾಕ್' ಉಪಕರಣವು ಹೆಸರುಗಳನ್ನು ಇದ್ದಂತೆಯೇ ತಂದುಕೊಡುತ್ತದೆ. ಹೋಲಿಸುವ ಮೊದಲು ಅವುಗಳನ್ನು ಏಕರೂಪಕ್ಕೆ ತರುವ ಹೊಣೆ ಕ್ರಮವಿಧಿಕಾರನದು. ಇದಕ್ಕೆ ಬೇಕಾದ ಉಪಕರಣವೂ ಲೈಬ್ರರಿಯಲ್ಲಿದೆ.

ಯೂನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡದ ಬರೆಹಗಳನ್ನು ವಿಶೇಷ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸುತ್ತಿದ್ದರು. ಅಂಥ ಕಡತಗಳ ಒಳಗೆ ಇರುವುದು ವಾಸ್ತವವಾಗಿ ರೋಮನ್ ಅಕ್ಷರಗಳಿಗೂ ಚಿಹ್ನೆಗಳಿಗೂ ಮೀಸಲಾದ ಸಂಕೇತಗಳು. ಅಕ್ಷರಶೈಲಿಯು ಅವುಗಳಿಗೆ ಕನ್ನಡದ ವೇಷವನ್ನು ತೊಡಿಸುತ್ತದೆ. ಅವುಗಳಲ್ಲಿ ಯೂನಿಕೋಡಿನ ಕನ್ನಡ ಪದವನ್ನು ಹುಡುಕಿದರೆ ಒಂದೂ ದೊರೆಯದು. ಇಂಥ ಹಳೆಯ ಬರೆಹಗಳನ್ನು ಯೂನಿಕೋಡಿಗೆ ಪರಿವರ್ತಿಸದಿದ್ದರೆ, ಅವು ಕಣ್ಣೆದುರಿಗಿದ್ದೂ ಹುಡುಕುವವರಿಗೆ ಅದೃಶ್ಯವಾಗಿಯೇ ಉಳಿಯುತ್ತವೆ.

ಎಲ್ಲವನ್ನೂ ನೋಡಿ ಬರುವ ಶ್ರಮವನ್ನು ಒಂದೇ ಸಲಕ್ಕೆ ಮುಗಿಸಿ, ಅದರ ಫಲವನ್ನು ಮುಂದಿನವರಿಗೆ ಉಳಿಸುವ ದಾರಿಯೂ ಇದೆ. ಅದು ಸೂಚಿಯನ್ನು ಸಿದ್ಧಪಡಿಸುವುದು. ಬೆಂಗಳೂರಿನಲ್ಲಿ ಜನಿಸಿದ ಬಿ. ಎಲ್. ರೈಸ್ ಅವರು ಹಳೆಯ ಮೈಸೂರು ಸಂಸ್ಥಾನದ ಮತ್ತು ಕೊಡಗಿನ ಸುಮಾರು 9,000 ಶಾಸನಗಳನ್ನು ಸಂಗ್ರಹಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಬ ಸಂಪುಟಗಳಲ್ಲಿ ಪ್ರಕಟಿಸಿದರು. 1902ರಲ್ಲಿ ಹೊರಬಂದ 5ನೆಯ ಸಂಪುಟವು ಹಾಸನ ಜಿಲ್ಲೆಗೆ ಮೀಸಲಾದುದು. ಅದರಲ್ಲಿ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿ ಕ್ರಮಸಂಖ್ಯೆಯನ್ನು ಕೊಟ್ಟಿದ್ದಾರೆ. ಊರೂರು ಅಲೆದು, ಗುಡಿ, ಕೆರೆಯ ಏರಿ, ಹೊಲದ ಬದುಗಳಲ್ಲಿದ್ದ ಕಲ್ಲುಗಳನ್ನು ಓದಿದವರ ನಡಿಗೆ ಒಮ್ಮೆ ನಡೆಯಿತು. ಆ ಸಂಖ್ಯೆಗಳನ್ನು ಹಿಡಿದು ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ವಿದ್ವಾಂಸರು ನೇರವಾಗಿ ಶಾಸನವನ್ನು ತಲುಪುತ್ತಿದ್ದಾರೆ. ಗಣಕಯಂತ್ರಗಳಲ್ಲಿಯೂ ಒಮ್ಮೆ ಇಡೀ ಮರವನ್ನು ನಡೆದು ಹೆಸರುಗಳ ಸೂಚಿಯನ್ನು ಮಾಡಿಟ್ಟರೆ, ಮುಂದಿನ ಹುಡುಕಾಟಗಳು ಕ್ಷಣಮಾತ್ರದಲ್ಲಿ ಮುಗಿಯುತ್ತವೆ. ಆದರೆ ಸೂಚಿಯನ್ನು ಮಾಡಿದ ಬಳಿಕ ಸೇರಿದ ಕಡತವು ಸೂಚಿಯಲ್ಲಿ ಇರುವುದಿಲ್ಲ. ಆದ್ದರಿಂದ ಸೂಚಿಯನ್ನು ಆಗಾಗ ಪರಿಷ್ಕರಿಸುವುದು ಅನಿವಾರ್ಯ. ಪ್ರತಿ ಪರಿಷ್ಕರಣೆಗೂ ಮತ್ತೆ ಅದೇ ನಡಿಗೆಯೇ ಆಧಾರ.

ಒಟ್ಟಿನಲ್ಲಿ, ಆಳ ತಿಳಿಯದ ಮರವನ್ನು ಹುಡುಕಲು ಬೇಕಾದುದು ಅಪಾರವಾದ ಶಕ್ತಿಯಲ್ಲ, ಸರಿಯಾದ ಒಂದು ಚಿಕ್ಕ ನಿಯಮ. ಎದುರಿಗಿರುವುದನ್ನು ನೋಡುವುದು, ಒಳಗಿರುವ ಪ್ರತಿಯೊಂದಕ್ಕೂ ಅದೇ ಶ್ರದ್ಧೆಯನ್ನು ತೋರುವುದು, ಮುಗಿದಾಗ ಹಿಂದಿರುಗುವುದು, ನೋಡಲಾಗದೆ ಹೋದುದನ್ನು ಮರೆಮಾಚದೆ ಹೇಳುವುದು ಇಷ್ಟೇ ಅದರ ತಿರುಳು. ಯಂತ್ರವು ಈ ನಿಯಮವನ್ನು ಬೇಸರವಿಲ್ಲದೆ ಪಾಲಿಸುತ್ತದೆ. ಆದರೆ ಯಾವುದನ್ನು ಕೈಬಿಡಬೇಕು, ಯಾವ ಎರಡು ಹೆಸರುಗಳು ಒಂದೇ, ಬೀಗ ಹಾಕಿದ ಕೋಶವನ್ನು ಏನೆಂದು ವರದಿ ಮಾಡಬೇಕು ಎಂಬುದನ್ನು ನಿರ್ಧರಿಸುವವನು ಮನುಷ್ಯನೇ. ರೈತನ ಪಹಣಿಯಾಗಲಿ, ವಿದ್ಯಾರ್ಥಿಯ ವರ್ಗಾವಣೆ ಪತ್ರವಾಗಲಿ, ಪ್ರತಿಯೊಂದು ಎಲೆಯ ಹಿಂದೆಯೂ ಒಂದು ಬದುಕು ಇರುತ್ತದೆ. ಎಲ್ಲ ಕೊಂಬೆಗಳನ್ನೂ ನೋಡಿ ಬಂದವನಿಗೆ ಮಾತ್ರ 'ಇಲ್ಲ' ಎಂದು ಹೇಳುವ ಅಧಿಕಾರವಿದೆ.